ಬಂದರಿನ ಗೇಟಿಗೆ ಹಿಡಿಸುವ ಪೆಟ್ಟಿಗೆ

ಹಡಗಿನಿಂದ
12 ಅಕ್ಟೋಬರ್ 2003

ಸೀತಾ,

ಎರಡು ತಿಂಗಳಿಂದ ನನ್ನ ಫೋನ್ ಬಂದಿಲ್ಲ. ನೀನು ಎಷ್ಟು ಗಾಬರಿಯಾಗಿದ್ದೀಯೋ ಏನೋ. ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ಆಗಿರುವುದು ಹಡಗಿಗೆ.

ಇದರ ಮಾಲೀಕ ಯಾರ್ಯಾರಿಗೋ ಬಾಕಿ ಉಳಿಸಿಕೊಂಡಿದ್ದಾನಂತೆ. ಇಲ್ಲಿಯ ಕೋರ್ಟು ಹಡಗನ್ನು ಹಿಡಿದು ನಿಲ್ಲಿಸಿದೆ. ಬಂದರಿನೊಳಗೆ ಜಾಗ ಕೊಡದೆ ಹೊರಗೆ ಸಮುದ್ರದಲ್ಲೇ ಲಂಗರು ಹಾಕಿಸಿದ್ದಾರೆ. ಸಂಜೆಯಾದರೆ ಊರಿನ ದೀಪಗಳು ಕಾಣುತ್ತವೆ, ಆದರೆ ನಾವು ಇಳಿಯುವಂತಿಲ್ಲ. ನಮ್ಮ ಪಾಸ್‌ಪೋರ್ಟುಗಳೆಲ್ಲ ಬಂದರಿನ ಅಧಿಕಾರಿಗಳ ಹತ್ತಿರ ಇವೆ. ಮಾಲೀಕ ಯಾರ ಕೈಗೂ ಸಿಗುತ್ತಿಲ್ಲ. ಬಿಲ್ಲು ಕಟ್ಟದೆ ಹಡಗಿನ ಫೋನೂ ಕಟ್ ಆಗಿದೆ. ಒಟ್ಟು ಹದಿನಾಲ್ಕು ಜನ ಇದ್ದೇವೆ. ಅದರಲ್ಲಿ ಕನ್ನಡ ಬರುವವರು ನಾನು ಮತ್ತು ಅಡುಗೆಯ ಹರಿಕಂತ್ರ, ಕಾರವಾರದವರು. ಕಾರ್ಖಾನೆ ಬಿಟ್ಟ ಮೇಲೆ ಒಂದೇ ವರ್ಷ ಹಡಗಿನ ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಬರುತ್ತೇನೆ ಅಂತ ನಿನ್ನನ್ನು ಒಪ್ಪಿಸಿದವನು ನಾನೇ. ಬೈಯುವುದಿದ್ದರೆ ಬಂದ ಮೇಲೆ ಬೈಯಿ.

ದಡದಲ್ಲಿ ನಾವಿಕರಿಗಾಗಿ ಚರ್ಚಿನವರ ಒಂದು ಮನೆ ಇದೆ. ಅಲ್ಲಿಯ ಪಾದ್ರಿ ತಿಂಗಳಿಗೆ ಎರಡು ಸಲ ಲಾಂಚಿನಲ್ಲಿ ನೀರು, ಅಕ್ಕಿ ತಂದುಕೊಡುತ್ತಾರೆ. ಈ ಕಾಗದವೂ ಅವರ ಕೈಯಿಂದಲೇ ಬರುತ್ತಿದೆ. ಮನೆಯಿಂದ ಪಾರ್ಸೆಲ್ ಬಂದರೆ ಅದನ್ನೂ ತರುತ್ತಾರಂತೆ. ಆದರೆ ಬಂದರಿನ ಗೇಟಿನಲ್ಲಿ ಒಂದು ತಗಡಿನ ಚೌಕಟ್ಟು ಇಟ್ಟಿದ್ದಾರೆ. ಉದ್ದ ನಲವತ್ತೈದು ಸೆಂಟಿಮೀಟರ್, ಅಗಲ ಮೂವತ್ತು, ಎತ್ತರ ಮೂವತ್ತು. ಪೆಟ್ಟಿಗೆ ಅದರೊಳಗೆ ಕೂತರೆ ದಾಟಿಸುತ್ತಾರೆ, ಇಲ್ಲದಿದ್ದರೆ ವಾಪಸ್. ಅವರು ಯಾರ ಮಾತನ್ನೂ ಕೇಳುವುದಿಲ್ಲ.

ತುರಿಕೆಗೆ ಮುಲಾಮು, ಎರಡು ಬನಿಯನ್, ಟಾರ್ಚಿನ ಸೆಲ್ಲು, ಚಟ್ನಿಪುಡಿ ಕಳಿಸು. ಜನರೇಟರಿಗೆ ಕಾರ್ಬನ್ ಬ್ರಷ್ ಬೇಕು. ಸವೆದದ್ದನ್ನು ಈ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಿದ್ದೇನೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ತೋರಿಸಿದರೆ ಸಿಗುತ್ತದೆ. ಅದಿಲ್ಲದಿದ್ದರೆ ನಮಗೆ ಕರೆಂಟಿಲ್ಲ.

ಸಂಕ್ರಾಂತಿಗೆ ಮನೆಯಲ್ಲಿರುತ್ತೇನೆ ಅಂತ ತನ್ಮಯಿಗೆ ಹೇಳು.

ಕೃಷ್ಣಸ್ವಾಮಿ


ಹಲಸೂರು
2 ನವೆಂಬರ್ 2003

ತನ್ಮಯಿ ಅಪ್ಪನಿಗೆ,

ನಿಮ್ಮ ಅಕ್ಷರ ಕಂಡ ಕೂಡಲೇ ಬಾಗಿಲಲ್ಲೇ ಕೂತುಬಿಟ್ಟೆ. ಪಕ್ಕದ ಮನೆ ಬೈರಮ್ಮ ಓಡಿಬಂದು ‘ಏನಾಯ್ತೇ, ಏನಾಯ್ತು’ ಅಂತ ನೀರು ತಂದುಕೊಟ್ಟರು. ಏನೂ ಆಗಿಲ್ಲ, ಬರೆದಿದ್ದಾರೆ ಅಂದೆ. ನಗುವುದೋ ಅಳುವುದೋ ಗೊತ್ತಾಗಲಿಲ್ಲ.

ನಿಮ್ಮನ್ನು ಹಡಗಿಗೆ ಕಳಿಸಿದ ಇಂದಿರಾನಗರದ ಏಜೆಂಟನ ಆಫೀಸಿಗೆ ಹೋಗಿದ್ದೆ. ಟೈ ಕಟ್ಟಿದ ಒಬ್ಬ ಕೂರಿಸಿ ಟೀ ಕೊಟ್ಟು, ‘ಮುಂದಿನ ವಾರ ಎಲ್ಲಾ ಸರಿಹೋಗುತ್ತೆ ಮೇಡಂ’ ಅಂದ.

ಪೆಟ್ಟಿಗೆ ಕಥೆ ಕೇಳಿ. ಬಟ್ಟೆ ಅಳೆಯುವ ಟೇಪಿನಲ್ಲಿ ಸೆಂಟಿಮೀಟರ್ ಹಿಂದಿನ ಮಗ್ಗುಲಲ್ಲಿದೆ ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿದ್ದ ಡಬ್ಬ ಯಾವುದೂ ಹೊಂದಲಿಲ್ಲ. ರಸೆಲ್ ಮಾರ್ಕೆಟ್ ಹಿಂದೆ ಮುನಾವರ್ ಅಂತ ಒಬ್ಬರು ರಟ್ಟಿನ ಡಬ್ಬ ಮಾರುತ್ತಾರೆ, ಅವರ ಹತ್ತಿರ ಹೋದೆ. ‘ಅಕ್ಕಾ, ರೆಡಿ ಇರೋದು ತಗೊಳ್ಳಿ, ನಿಮ್ಮೊಬ್ರಿಗೋಸ್ಕರ ಎಲ್ಲಿ ಕಟ್ ಮಾಡ್ಲಿ’ ಅಂದರು. ಯಾವ ಕಾರಣಕ್ಕೆ ಅಂತ ಹೇಳಿದ ಮೇಲೆ ಚಾಕು ತೆಗೆದರು. ಸರಿಯಾಗಿ ನಲವತ್ತೈದು, ಮೂವತ್ತು, ಮೂವತ್ತು. ಕಾರ್ಬನ್ ಬ್ರಷ್ ಹುಡುಕಿಕೊಟ್ಟವರೂ ಅವರೇ.

ನೀವು ಹೇಳದಿದ್ದರೂ ಕೋಡುಬಳೆ ಮಾಡಿದೆ. ಅವು ಸುಮ್ಮನೆ ಜಾಗ ತಿನ್ನುತ್ತವೆ, ನಡುವೆ ಬರೀ ತೂತು. ತನ್ಮಯಿ ಒಂದೊಂದು ಬಳೆಯ ತೂತಿಗೂ ಒಂದೊಂದು ಸೆಲ್ಲು ತೂರಿಸಿದಳು. ನಿಮ್ಮ ಶಾಲು ಹಿಡಿಸಲಿಲ್ಲ. ಮೂರು ಸಲ ಮಡಿಸಿ ನೋಡಿದೆ. ಮೇಲೆ ಬಿಳಿ ಬಟ್ಟೆ ಸುತ್ತಿ ಹೊಲಿದು, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗು ಹಾಕಿ ಪೋಸ್ಟಾಫೀಸಿಗೆ ಕೊಟ್ಟು ಬಂದಿದ್ದೇನೆ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ.

ನಿಮ್ಮ ಸೀತಾ


ಹಡಗಿನಿಂದ
9 ಡಿಸೆಂಬರ್ 2003

ಸೀತಾ,

ಪೆಟ್ಟಿಗೆ ಗೇಟು ದಾಟಲಿಲ್ಲ.

ನಿನ್ನ ಕಾಗದ ಬೇರೆಯಾಗಿ ಮೊದಲೇ ಬಂದದ್ದರಿಂದ ಒಳಗೆ ಏನೇನಿದೆ ಅಂತ ನಮಗೆಲ್ಲ ಗೊತ್ತಿತ್ತು. ಹರಿಕಂತ್ರರು ಕೋಡುಬಳೆ ಅಂದರೇನು ಅಂತ ಉಳಿದವರಿಗೆ ವಿವರಿಸಿ ಹೇಳಿದ್ದರು. ಲಾಂಚು ಬಂದಾಗ ಎಲ್ಲರೂ ಹಡಗಿನ ಅಂಚಿನ ಕಂಬಿಯ ಹತ್ತಿರ ನಿಂತಿದ್ದೆವು. ಪಾದ್ರಿ ಕೆಳಗಿನಿಂದಲೇ ಎರಡೂ ಕೈ ಎತ್ತಿ ಇಲ್ಲ ಅನ್ನುವ ಹಾಗೆ ಆಡಿಸಿದರು. ನೀನು ರಟ್ಟನ್ನು ಸರಿಯಾಗಿ ಅಳೆದಿದ್ದೀಯೆ, ಮೇಲಿನ ಬಟ್ಟೆಯನ್ನು ಅಳೆದಿಲ್ಲ. ಬಟ್ಟೆ, ಹೊಲಿಗೆ, ಅರಗು ಎಲ್ಲ ಸೇರಿ ಅರ್ಧ ಇಂಚು ಹೆಚ್ಚಾಯಿತಂತೆ. ಬಿಚ್ಚಿ ಕೊಡುತ್ತೇನೆ ಅಂದರೂ ಬಿಡಲಿಲ್ಲವಂತೆ, ಬಿಚ್ಚಿದ ಪಾರ್ಸೆಲ್ ಒಳಗೆ ಹೋಗುವಂತಿಲ್ಲ. ಕಳಿಸಿದವರಿಗೇ ವಾಪಸ್ ಅಂತ ಚೀಟಿ ಅಂಟಿಸಿದ್ದಾರೆ.

ಜನರೇಟರು ನಿಂತಿದೆ. ಫ್ರೀಜರಿನಲ್ಲಿದ್ದ ಮೀನನ್ನೆಲ್ಲ ಸಮುದ್ರಕ್ಕೇ ಎಸೆದೆವು. ಒಂದು ಅಳತೆ ನೋಡಿ ಮಾಡುವುದಕ್ಕೆ ಇಷ್ಟು ಕಷ್ಟವೇ? ಇಪ್ಪತ್ತು ವರ್ಷ ಕಾರ್ಖಾನೆಯವನ ಹೆಂಡತಿಯಾಗಿ ಇಷ್ಟೂ ತಿಳಿಯಬಾರದೇ?

ಸಂಕ್ರಾಂತಿಗೆ ಬರುವುದು ಆಗುವುದಿಲ್ಲ.

ಕೃಷ್ಣಸ್ವಾಮಿ


ಹಲಸೂರು
30 ಡಿಸೆಂಬರ್ 2003

ತನ್ಮಯಿ ಅಪ್ಪನಿಗೆ,

ತಪ್ಪು ನನ್ನದೇ. ಆ ಹದಿನಾಲ್ಕು ಜನ ಕಂಬಿಯ ಹತ್ತಿರ ನಿಂತಿದ್ದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ಈ ಸಲ ಮುನಾವರ್ ಭಾಯಿ ರಟ್ಟಿನಲ್ಲೇ ಗೇಟಿನ ಚೌಕಟ್ಟಿನಂತೆ ಒಂದು ಮಾಡಿದರು. ತನ್ಮಯಿ ಅದರೊಳಗೆ ತಲೆ, ಒಂದು ಭುಜ ತೂರಿಸಿ ಸಿಕ್ಕಿಹಾಕಿಕೊಂಡಳು. ‘ಪಾರ್ಸೆಲ್ ಮಾಡ್ಬಿಡ್ಲಾ ನಿನ್ನ, ಅಪ್ಪನ ಹತ್ರ ಹೋಗ್ತೀಯಾ’ ಅಂತ ಅವರು ಕೇಳಿದರೆ ಇವಳು ನಿಜಕ್ಕೂ ಹೂಂ ಅಂದಳು. ಆಮೇಲೆ ಯಾರೂ ನಗಲಿಲ್ಲ. ಪೆಟ್ಟಿಗೆಯ ಉದ್ದವನ್ನು ನಲವತ್ತೆರಡಕ್ಕೆ, ಅಗಲ ಎತ್ತರಗಳನ್ನು ಇಪ್ಪತ್ತೇಳಕ್ಕೆ ಇಳಿಸಿ, ಬಟ್ಟೆ ಹೊಲಿದ ಮೇಲೆ ಮತ್ತೆ ಅಳೆದು, ಚೌಕಟ್ಟಿನೊಳಗೆ ಕೂರಿಸಿ ಕೂರಿಸಿ ತೆಗೆದೆವು. ಕೋಡುಬಳೆ ಬಿಟ್ಟೆ. ನಿಪ್ಪಟ್ಟಾದರೆ ಒಂದರ ಮೇಲೊಂದು ಕೂರುತ್ತದೆ. ಬ್ರಷ್ ಎರಡು ಜೊತೆ ಇಟ್ಟಿದ್ದೇನೆ. ವಾಪಸ್ ಕಳಿಸಿದ ಪೆಟ್ಟಿಗೆ ಇನ್ನೂ ಬಂದಿಲ್ಲ.

ಇನ್ನು ಮುಂದೆ ನನಗೆ ಕಾಗದಗಳನ್ನು ಮುನಾವರ್ ಅವರ ಅಂಗಡಿಯ ವಿಳಾಸಕ್ಕೆ ಬರೆಯಿರಿ. ಈ ಕಡೆ ಟಪಾಲು ಸರಿಯಾಗಿ ಬರುತ್ತಿಲ್ಲ.

ಹೊರಮಾವಿನ ಮುನಿಗಂಗಮ್ಮ ಚಿಕ್ಕಮ್ಮನಿಗೆ ಮೈ ಸರಿಯಿಲ್ಲ. ಆಸ್ಪತ್ರೆ ಆಸ್ಪತ್ರೆ ಅಂತ ಓಡಾಟ, ಅದಕ್ಕೇ ಈ ಕಾಗದ ಚಿಕ್ಕದಾಯಿತು.

ಸೀತಾ


ಹಡಗಿನಿಂದ
11 ಫೆಬ್ರವರಿ 2004

ಸೀತಾ,

ಬಂತು! ಬಂತು ಕಣೇ!

ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡೆವು. ಹೊಲಿಗೆ ಬಿಚ್ಚುವಾಗ ಕತ್ತರಿ ಹಾಕಬೇಡಿ ಅಂತ ನಾನೇ ಹೇಳಿದೆ. ಒಂದೊಂದೇ ಎಳೆ ಬಿಡಿಸಿದೆ. ಚಟ್ನಿಪುಡಿಯ ಮುಚ್ಚಳ ತೆಗೆದಾಗ ಹುರಿಗಡಲೆ, ಬೆಳ್ಳುಳ್ಳಿ ವಾಸನೆಗೆ ಹರಿಕಂತ್ರರು ಕಣ್ಣು ಮುಚ್ಚಿಕೊಂಡರು. ನಿಪ್ಪಟ್ಟು ತಲೆಗೆ ಮೂರು ಬಂತು. ಬ್ರಷ್ ಹಾಕಿದ ಕೂಡಲೇ ಜನರೇಟರು ಹೊರಟಿತು. ಕ್ಯಾಪ್ಟನ್ ಬಂದು ನನ್ನ ಕೈ ಕುಲುಕಿದರು. ಹಿಂದಿನ ಕಾಗದದಲ್ಲಿ ಹಾಗೆ ಬರೆಯಬಾರದಾಗಿತ್ತು. ಬರೆದ ಮೇಲೆ ಲಾಂಚು ಹೋಗಿಬಿಟ್ಟಿತ್ತು.

ಒಂದು ಕೆಟ್ಟ ಸಂಗತಿಯೂ ಆಯಿತು. ಎಂಜಿನ್ ರೂಮಿನ ಒಬ್ಬನಿಗೆ ಅವನ ತಂದೆ ತೀರಿಕೊಂಡ ಸುದ್ದಿ ಬಂತು. ಮಾರನೆಯ ಮಧ್ಯಾಹ್ನ ಊಟಕ್ಕೆ ಕೂತವನು ಎದ್ದುಹೋಗಿ ಸಮುದ್ರಕ್ಕೆ ಹಾರಿದ, ದಡಕ್ಕೆ ಈಜಿ ಹೋಗುತ್ತೇನೆ ಅಂತ. ಹಗ್ಗ ಎಸೆದು ಎಳೆದುಕೊಂಡೆವು. ಈಗಲೂ ಅವನನ್ನು ಒಬ್ಬನನ್ನೇ ಬಿಡುವುದಿಲ್ಲ. ಇಂಥ ಜಾಗಕ್ಕೆ ಅಂಥ ಸುದ್ದಿ ಬರಬಾರದು.

ಇನ್ನೊಂದು ವಿಷಯ. ಹತ್ತು ಜನರನ್ನು ಊರಿಗೆ ಕಳಿಸಲು ಕೋರ್ಟು ಒಪ್ಪುತ್ತದಂತೆ. ಹಡಗನ್ನು ಕಾಯಲು ನಾಲ್ಕು ಜನ ಉಳಿಯಲೇಬೇಕು. ಪಟ್ಟಿ ಬರೆಯುವುದು ಕ್ಯಾಪ್ಟನ್. ಮನೆಯಲ್ಲಿ ತೊಂದರೆ ಇರುವವರಿಗೆ ಮೊದಲು ಅನ್ನುತ್ತಿದ್ದಾರೆ. ನಮ್ಮದೇನಾದರೂ ಇದ್ದರೆ ಒಂದು ಸಾಲು ಬರೆ. ಏನೂ ಇಲ್ಲ ಅಂದುಕೊಂಡಿದ್ದೇನೆ.

ಮುನಾವರ್ ಅಂಗಡಿಗೆ ಯಾಕೆ ಬರೆಯಬೇಕು? ಹಲಸೂರಿನಲ್ಲಿ ಟಪಾಲು ಬರುವುದಿಲ್ಲ ಅಂದರೆ ನಂಬುವುದು ಹೇಗೆ? ಅವರು ಒಳ್ಳೆಯವರೇ ಇರಬಹುದು. ಆದರೂ ಬೇರೆಯವರ ಅಂಗಡಿಗೆ ಹೆಂಡತಿಗೆ ಕಾಗದ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಕೃಷ್ಣಸ್ವಾಮಿ


ಬೆಂಗಳೂರು
4 ಮಾರ್ಚ್ 2004

ತನ್ಮಯಿ ಅಪ್ಪನಿಗೆ,

ಬ್ರಷ್ ಸರಿಹೋಯಿತಲ್ಲ, ಅಷ್ಟು ಸಾಕು.

ವಿಳಾಸದ ವಿಷಯ ಬಂದ ಮೇಲೆ ಹೇಳುತ್ತೇನೆ. ನೀವು ಅಂದುಕೊಂಡ ಹಾಗೆ ಏನೂ ಇಲ್ಲ.

ನಮ್ಮ ಕಡೆಯಿಂದ ಅವಸರವಿಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಚಿಕ್ಕಮ್ಮನಿಗೂ ವಾಸಿ. ನಿಮ್ಮ ಸರದಿ ಬಂದಾಗ ನೆಮ್ಮದಿಯಾಗಿ ಬನ್ನಿ. ಅಲ್ಲಿ ಯಾರ ಜೊತೆಗೂ ಜಗಳ ಮಾಡಿಕೊಳ್ಳಬೇಡಿ, ಕಂಬಿಯ ಹತ್ತಿರ ನಿಲ್ಲಬೇಡಿ.

ಎಡಗೈ ಸ್ವಲ್ಪ ನೋಯುತ್ತಿದೆ, ಕಾಗದ ಒತ್ತಿಹಿಡಿಯಲು ಆಗುತ್ತಿಲ್ಲ, ಅದಕ್ಕೇ ಅಕ್ಷರ ಸೊಟ್ಟ.

ಸೀತಾ


ಹಡಗಿನಿಂದ
18 ಏಪ್ರಿಲ್ 2004

ಸೀತಾ,

ಹತ್ತು ಜನ ಮೊನ್ನೆ ಹೊರಟರು. ನನ್ನ ಹೆಸರು ಬರಲಿಲ್ಲ. ಜನರೇಟರು ನೋಡಿಕೊಳ್ಳಲು ಒಬ್ಬ ಬೇಕೇಬೇಕಲ್ಲ, ಹಾಗಾಗಿ. ಈಗ ಇಲ್ಲಿ ನಾಲ್ಕೇ ಜನ. ಅಷ್ಟು ದೊಡ್ಡ ಹಡಗಿನಲ್ಲಿ ನಾಲ್ಕು ತಟ್ಟೆಯ ಸದ್ದು ವಿಚಿತ್ರವಾಗಿ ಕೇಳುತ್ತದೆ. ನೀರು ಕುಡಿಯುವುದಕ್ಕೂ ಲೆಕ್ಕವಿಲ್ಲ, ಅದೊಂದು ಅನುಕೂಲ.

ಹರಿಕಂತ್ರರು ಹೋದರು. ಅವರ ಮಗಳನ್ನು ಬಾಣಸವಾಡಿಗೆ ಕೊಟ್ಟಿದ್ದಾರೆ, ಅಲ್ಲಿಗೆ ಬಂದಾಗ ನಿನ್ನನ್ನು ನೋಡುತ್ತಾರೆ. ಚೆನ್ನಾಗಿ ಉಪಚರಿಸು. ತನ್ಮಯಿಗೆ ಹಗ್ಗದಲ್ಲಿ ಒಂದು ಚೀಲ ಹೆಣೆದು ಕೊಟ್ಟಿದ್ದೇನೆ.

ಗೇಟಿನಲ್ಲಿ ಚೌಕಟ್ಟು ಬದಲಾಯಿಸಿದ್ದಾರೆ. ಈಗ ಶೂ ಡಬ್ಬದಷ್ಟಿದ್ದರೆ ಮಾತ್ರ ಬಿಡುತ್ತಾರೆ. ಕಾರಣ ಯಾರಿಗೂ ಗೊತ್ತಿಲ್ಲ. ನೀನು ಕಷ್ಟಪಡಬೇಡ. ಏನೂ ಕಳಿಸದಿದ್ದರೂ ನಡೆಯುತ್ತದೆ.

ಕೃಷ್ಣಸ್ವಾಮಿ


ಹೊರಮಾವು
30 ಮೇ 2004

ತನ್ಮಯಿ ಅಪ್ಪನಿಗೆ,

ವಿಳಾಸ ನೋಡಿದಿರಲ್ಲ, ನಾವು ಹಲಸೂರಿನಲ್ಲಿಲ್ಲ. ಬಾಡಿಗೆ ಕಟ್ಟಲಾಗದೆ ಜನವರಿಯಲ್ಲೇ ಮನೆ ಬಿಟ್ಟು ಚಿಕ್ಕಮ್ಮನ ಮನೆಗೆ ಬಂದೆವು. ಇಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ.

ಹೋದ ಭಾನುವಾರ ಹರಿಕಂತ್ರರು ಬಂದಿದ್ದರು. ಮುನಾವರ್ ಭಾಯಿಯೇ ಆಟೋದಲ್ಲಿ ಕರೆದುಕೊಂಡು ಬಂದರು. ಕಾಲಿಗೆ ದಪ್ಪಗೆ ಬ್ಯಾಂಡೇಜು, ಕೈಯಲ್ಲಿ ಕೋಲು. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲಿದ್ದೆ. ಬಾಗಿಲಲ್ಲೇ ನಿಂತುಬಿಟ್ಟರು.

‘ಕೃಷ್ಣಸ್ವಾಮಿ ಮನೆ ಇದೇ ಹೌದಾ?’ ಅಂತ ಮುನಾವರ್ ಅವರನ್ನು ಕೇಳಿದರು.

‘ಬನ್ನಿ, ಇದೇ. ಅವರ ಹೆಸರು ಪಟ್ಟಿಯಲ್ಲಿ ಬರಲಿಲ್ಲವಂತೆ, ಬರೆದಿದ್ದಾರೆ’ ಅಂದೆ.

‘ಬರ್ಲಿಲ್ಲ ಅಂದ್ರೆ? ಹತ್ತನೇ ಹೆಸ್ರು ಅವರ್ದೇ ಆಗಿತ್ತಲ್ಲ ತಂಗಿ.’

ಆಮೇಲೆ ಕೂತು ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯದೆ ಬೆರಳು ಕಪ್ಪಾಗಿತ್ತಂತೆ. ‘ನನ್ನ ಹೆಸ್ರು ಇರ್ಲಿಲ್ಲ. ಅಡುಗೆಯವ್ನು ಬೇಕು ಅಂತ ಇಟ್ಕೊಂಡಿದ್ರು. ನಿಮ್ಮ ಯಜಮಾನ್ರು ಕ್ಯಾಪ್ಟನ್ ಹತ್ರ ಹೋದ್ರು. ಅನ್ನ ನಾವೇ ಬೇಯಿಸ್ಕೊಳ್ತೇವೆ, ಇವ್ರನ್ನ ಕಳ್ಸಿ, ನಮ್ಮನೇಲಿ ಏನೂ ತೊಂದ್ರೆ ಇಲ್ಲ, ನನ್ನ ಹೆಂಡ್ತಿ ಕಾಗದ ಬರೆದಿದಾಳೆ ಅಂದ್ರು. ಕಾಗದ ತೆಗೆದು ತೋರ್ಸಿದ್ರು.’

ನನ್ನ ಕಾಗದ. ಅವಸರವಿಲ್ಲ ಅಂತ ನಾನೇ ಬರೆದದ್ದು.

ಆ ಕಾಗದ ಬರೆಯುವ ಹೊತ್ತಿಗೆ ನನ್ನ ಆಪರೇಷನ್ ಆಗಿ ಎರಡು ವಾರವಾಗಿತ್ತು. ಎಡಗಡೆ ಎದೆಯಲ್ಲಿ ಗಂಟು. ದೀಪಾವಳಿ ಕಳೆದ ಮೇಲೆ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಮೊದಲ ಪೆಟ್ಟಿಗೆ ವಾಪಸಾಯಿತು ಅಂತ ನೀವು ಬೈದು ಬರೆದ ದಿನವೇ ಡಾಕ್ಟರು ಅದು ಏನು ಅಂತ ಹೇಳಿದ್ದು. ಚಿಕ್ಕಮ್ಮನಿಗೆ ಏನೂ ಆಗಿಲ್ಲ, ಆಸ್ಪತ್ರೆಗೆ ಓಡಾಡಿದ್ದು ನಾನು. ಎದೆ ತೆಗೆದುಹಾಕಿದ್ದಾರೆ. ಈಗ ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಾರೆ. ಕೂದಲು ಹೋಗಿದೆ.

ಬರೆಯಬೇಕು ಅಂತಲೇ ಕೂತಿದ್ದೆ. ನಿಮ್ಮ ಕಾಗದದಲ್ಲಿ ಆ ಮನುಷ್ಯ ಸಮುದ್ರಕ್ಕೆ ಹಾರಿದ್ದು ಓದಿದೆ. ನೀವೂ ಕೇಳಿದ ಕೂಡಲೇ ಹಾಗೇ ಮಾಡುತ್ತೀರಿ ಅನ್ನಿಸಿತು. ಇಷ್ಟರ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರು ಹೇಗೂ ಇರುತ್ತದೆ, ಹದಿನಾಲ್ಕರಲ್ಲಿ ಹತ್ತು, ಬಂದ ಮೇಲೆ ಕಣ್ಣಾರೆ ನೋಡಲಿ ಅಂದುಕೊಂಡೆ. ನೀವು ಬಿಟ್ಟುಕೊಡುತ್ತೀರಿ ಅಂತ ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಯಾಕೆ ಬಿಟ್ಟುಕೊಟ್ಟಿರಿ? ಬಿಟ್ಟುಕೊಟ್ಟು ಹೆಸರು ಬರಲಿಲ್ಲ ಅಂತ ಯಾಕೆ ಬರೆದಿರಿ? ನನ್ನನ್ನೂ ತನ್ಮಯಿಯನ್ನೂ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಹರಿಕಂತ್ರರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ತಲೆ ಎತ್ತದೆ ಕೂತಿದ್ದರು. ‘ವಾಪಸ್ ಹೋಗಿ ಅವ್ರನ್ನ ಕಳ್ಸೋ ಹಂಗಿದ್ರೆ ಇವತ್ತೇ ಹೋಗ್ತಿದ್ದೆ ತಂಗಿ’ ಅಂದರು. ಸಕ್ಕರೆ ಹಾಕದೆ ಕಾಫಿ ಮಾಡಿಕೊಟ್ಟೆ. ಕುಡಿಯಲಾಗದೆ ಲೋಟ ಹಾಗೇ ಹಿಡಿದುಕೊಂಡಿದ್ದರು.

ಮಾರನೆಯ ದಿನ ಶಿವಾಜಿನಗರಕ್ಕೆ ಹೋಗಿ, ಹರಿಕಂತ್ರರು ಕೊಟ್ಟ ನಂಬರಿಗೆ, ಪಾದ್ರಿಗೆ ಫೋನ್ ಮಾಡಿಸಿದೆ. ಆ ಕಡೆ ಯಾರೋ ಎತ್ತಿ ಅವರ ಭಾಷೆಯಲ್ಲಿ ಮಾತಾಡಿದರು. ‘ಕೃಷ್ಣಸ್ವಾಮಿ, ಕೃಷ್ಣಸ್ವಾಮಿ’ ಅಂದೆ. ಲೈನು ಕಟ್ಟಾಯಿತು. ಇಂದಿರಾನಗರದ ಏಜೆಂಟನ ಆಫೀಸಿದ್ದ ಜಾಗದಲ್ಲಿ ಬ್ಯೂಟಿ ಪಾರ್ಲರ್ ಬಂದಿದೆ. ಎಲ್ಲಿ ಹೋಗಿ ಯಾರನ್ನು ಕೇಳಲಿ?

ಈ ಸಲ ಪೆಟ್ಟಿಗೆ ಇಲ್ಲ. ನನಗೆ ಅಳೆಯಲು ಮನಸ್ಸಿಲ್ಲ.

ಸೀತಾ


ಹಡಗಿನಿಂದ
22 ಆಗಸ್ಟ್ 2004

ಸೀತಾ,

ನಿನ್ನ ಮೇ ತಿಂಗಳ ಕಾಗದ ನನಗೆ ಸಿಕ್ಕಿದ್ದು ಈ ತಿಂಗಳ ಮೊದಲ ವಾರ. ಗಾಳಿ ಹೆಚ್ಚಾಗಿ ಲಾಂಚು ಬರಲೇ ಇಲ್ಲ. ನಿನಗೆ ಕೋಪ ಬಂದು ಬರೆಯುತ್ತಿಲ್ಲ, ಪೆಟ್ಟಿಗೆಗಳು ಗೇಟಿನಲ್ಲಿ ಸಿಕ್ಕಿಬಿದ್ದಿವೆ, ಏನೇನೋ ಅಂದುಕೊಂಡಿದ್ದೆ. ಇದನ್ನು ಅಂದುಕೊಂಡಿರಲಿಲ್ಲ.

ಓದಿದ ಮೇಲೆ ಮಾಡಿದ್ದನ್ನು ಹೇಳುತ್ತೇನೆ. ಕ್ಯಾಪ್ಟನ್ ಕೋಣೆಗೆ ಹೋಗಿ ಕೂಗಾಡಿದೆ. ಅವರೂ ಉಳಿದ ನಾಲ್ವರಲ್ಲಿ ಒಬ್ಬರು, ಅವರ ಕೈಯಲ್ಲಿ ಏನಿದೆ. ರೇಡಿಯೋದಲ್ಲಿ ಬಂದರಿನವರನ್ನು ಕರೆದು ನನ್ನ ಮುಂದೆಯೇ ಕೇಳಿದರು. ನಾಲ್ಕಕ್ಕಿಂತ ಕಡಿಮೆ ಜನ ಇರುವಂತಿಲ್ಲ, ಬದಲಿಗೆ ಒಬ್ಬನನ್ನು ಕರೆಸಿದರೆ ಬಿಡುತ್ತೇವೆ ಅಂದರು. ಬದಲಿಯನ್ನು ಕರೆಸಬೇಕಾದವನು ಮಾಲೀಕ. ಪಾದ್ರಿ ಡಾಕ್ಟರ ಸರ್ಟಿಫಿಕೇಟು ತರಿಸಿ ಜಡ್ಜಿಗೆ ಕೊಡೋಣ ಅಂದರು. ಕೋರ್ಟಿಗೆ ರಜೆ. ರಜೆ ಮುಗಿದ ಮೇಲೆ ದಿನಾಂಕ ಮುಂದಕ್ಕೆ ಹೋಯಿತು.

ಯಾಕೆ ಬಿಟ್ಟುಕೊಟ್ಟಿರಿ ಅಂತ ಕೇಳಿದ್ದೀಯೆ. ಹರಿಕಂತ್ರರ ಕಾಲು ನಾರುತ್ತಿತ್ತು ಸೀತಾ. ನಾನು ಪಕ್ಕದ ಬಂಕಿನಲ್ಲಿ ಮಲಗುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ ನೀನು ಬರೆದ ಮೇಲೂ ಹೊರಟಿದ್ದರೆ ಅವರ ಮುಖ ಹೇಗೆ ನೋಡುತ್ತಿದ್ದೆ? ಬಿಟ್ಟುಕೊಟ್ಟೆ ಅಂತ ನಿನಗೆ ಬರೆಯಲು ಧೈರ್ಯ ಬರಲಿಲ್ಲ. ನೀನು ಒಂದು ಸಾಲು ಬರೆದಿದ್ದರೆ ಅಂತ ಎಷ್ಟೋ ಸಲ ನಿನ್ನ ಮೇಲೆ ಸಿಟ್ಟು ಬರುತ್ತದೆ. ಆ ಮನುಷ್ಯ ಸಮುದ್ರಕ್ಕೆ ಹಾರಿದ್ದನ್ನು ನಿನಗೆ ಬರೆದವನು ನಾನೇ ಅಂತ ಆಮೇಲೆ ನೆನಪಾಗುತ್ತದೆ.

ನೀನು ಹೆದರಿದ ಹಾಗೆ ನಾನು ಹಾರಿಲ್ಲ. ನನಗೆ ಈಜು ಬರುವುದಿಲ್ಲ, ನಿನಗೆ ಗೊತ್ತಲ್ಲ. ಕಂಬಿಯ ಹತ್ತಿರ ನಿಂತು ವಾಪಸ್ ಬಂದೆ.

ಔಷಧಿ ಏರಿಸುವಾಗ ಜೊತೆಗೆ ಯಾರು ಬರುತ್ತಾರೆ? ಅದನ್ನೊಂದು ಬರೆ.

ಕೃಷ್ಣಸ್ವಾಮಿ


ಹೊರಮಾವು
14 ಅಕ್ಟೋಬರ್ 2004

ತನ್ಮಯಿ ಅಪ್ಪನಿಗೆ,

ಜೊತೆಗೆ ಮುನಾವರ್ ಭಾಯಿಯ ಹೆಂಡತಿ ಮೆಹರುನ್ನೀಸಾ ಬರುತ್ತಾರೆ. ನನಗೆ ವಾಂತಿಯಾದರೆ ಅವರೇ ಬೇಸಿನ್ ಹಿಡಿಯುತ್ತಾರೆ. ಶಿವಾಜಿನಗರದಿಂದ ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಬರುತ್ತಾರೆ. ಅವರ ಅಂಗಡಿಗೆ ಕಾಗದ ಬರೆಯುವುದು ನಿಮಗೆ ಸರಿ ಕಾಣಲಿಲ್ಲ ಅಂತ ನಾನು ಅವರಿಗೆ ಹೇಳಿಲ್ಲ.

ಔಷಧಿ ಒಂದು ಸುತ್ತು ಮುಗಿಯಿತು. ಕೂದಲು ಬೆರಳಷ್ಟು ಬಂದಿದೆ, ಪೂರ್ತಿ ಬಿಳಿ. ತನ್ಮಯಿ ದಿನಾ ಮುಟ್ಟಿ ನೋಡುತ್ತಾಳೆ.

ಇದರ ಜೊತೆ ಶೂ ಡಬ್ಬದಷ್ಟು ಒಂದು ಪೆಟ್ಟಿಗೆ ಕಳಿಸಿದ್ದೇನೆ. ಎಡಗೈ ಮೇಲೆತ್ತಲು ಬರುವುದಿಲ್ಲ, ಟೇಪಿನ ಒಂದು ತುದಿ ತನ್ಮಯಿ ಹಿಡಿದುಕೊಂಡಳು. ಅದರಲ್ಲಿ ಚಟ್ನಿಪುಡಿ ಮತ್ತು ಡಾಕ್ಟರ ಸರ್ಟಿಫಿಕೇಟು ಮಾತ್ರ ಇದೆ. ಸರ್ಟಿಫಿಕೇಟು ಬೇಡ ಅಂತಲೇ ಇದ್ದೆ. ಆ ಜಡ್ಜಿಗೆ ನನ್ನ ಮೈ ವಿಷಯ ಯಾಕೆ ಗೊತ್ತಾಗಬೇಕು ಅನ್ನಿಸಿತು. ಆಮೇಲೆ ಹಾಕಿದೆ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಆದರೂ ಬನ್ನಿ.

ಸೀತಾ


ಹಡಗಿನಿಂದ
8 ಜನವರಿ 2005

ಸೀತಾ,

ಕೋರ್ಟು ಹಡಗನ್ನು ಗುಜರಿಗೆ ಹರಾಜು ಹಾಕಿತು. ಕೊಂಡವರು ಅವರದೇ ಕಾವಲಿನವರನ್ನು ಕರೆತಂದಿದ್ದಾರೆ. ನಾಲ್ವರಿಗೂ ಬಿಡುಗಡೆ. ನಿನ್ನ ಸರ್ಟಿಫಿಕೇಟನ್ನು ಯಾರೂ ಓದಲಿಲ್ಲ, ಪಾದ್ರಿಯ ಮೇಜಿನ ಮೇಲೇ ಇತ್ತು. ಅದು ಇಲ್ಲದೆಯೂ ಹೀಗೇ ಆಗುತ್ತಿತ್ತು, ಇದೇ ದಿನಕ್ಕೆ.

ಇಪ್ಪತ್ತನೆಯ ತಾರೀಖು ಮುಂಬೈಗೆ ಬರುತ್ತೇನೆ. ನಾವಿಕರ ಹಾಸ್ಟೆಲಿನಲ್ಲಿ ಎರಡು ದಿನ ಇರಬೇಕು, ಕಾಗದಪತ್ರದ ಕೆಲಸಕ್ಕೆ. ವಿಳಾಸ ಹಿಂದೆ ಬರೆದಿದ್ದೇನೆ. ಚಿಕ್ಕಮ್ಮನ ಮನೆಗೆ ನಾನು ಯಾವತ್ತೂ ಬಂದಿಲ್ಲ, ದಾರಿ ಗೊತ್ತಿಲ್ಲ. ಹೇಗೆ ಬರಬೇಕು ಅಂತ ಅಲ್ಲಿಗೆ ಬರೆ.

ಕೃಷ್ಣಸ್ವಾಮಿ


ಹೊರಮಾವು
17 ಜನವರಿ 2005

ತನ್ಮಯಿ ಅಪ್ಪನಿಗೆ,

ಕಾಗದ ಇವತ್ತು ಬಂತು. ಕೂಡಲೇ ಬರೆಯುತ್ತಿದ್ದೇನೆ, ಮುನಾವರ್ ಭಾಯಿ ಸ್ಪೀಡ್ ಪೋಸ್ಟಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ.

ರೈಲಿನಲ್ಲಿ ಸಿಟಿ ತನಕ ಹೋಗಬೇಡಿ, ದಂಡು ಸ್ಟೇಷನ್ನಿನಲ್ಲೇ ಇಳಿದುಬಿಡಿ. ಯಾರೂ ಎದುರಿಗೆ ಬರುವುದಿಲ್ಲ, ಹುಡುಕುತ್ತಾ ನಿಲ್ಲಬೇಡಿ. ನಾನು ಅಷ್ಟು ಹೊತ್ತು ನಿಲ್ಲಲಾರೆ, ತನ್ಮಯಿಯನ್ನು ಒಬ್ಬಳನ್ನೇ ಕಳಿಸಲಾರೆ. ಶಿವಾಜಿನಗರ ಬಸ್‌ಸ್ಟ್ಯಾಂಡಿಗೆ ಬಂದು ಹೊರಮಾವಿನ ಬಸ್ಸು ಹತ್ತಿ. ಬಾಣಸವಾಡಿ ದಾಟಿದ ಮೇಲೆ ಎದ್ದು ಬಾಗಿಲ ಹತ್ತಿರ ಬನ್ನಿ. ರೈಲ್ವೆ ಗೇಟು ಹಾಕಿದ್ದರೆ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾಗುವುದಿಲ್ಲ, ಅಲ್ಲೇ ಇಳಿದು ಹಳಿ ದಾಟಿ. ಆಚೆ ಬಲಗಡೆ ಹೊಸ ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ, ಅದರ ಪಕ್ಕದ ಮಣ್ಣಿನ ದಾರಿ. ಮುನಿಗಂಗಮ್ಮನ ಮನೆ ಅಂದರೆ ಸಾಕು, ರಾಮಯ್ಯನ ಅಂಗಡಿಯಲ್ಲಿ ತೋರಿಸುತ್ತಾರೆ. ಶೀಟಿನ ಮನೆ, ಮುಂದೆ ನುಗ್ಗೆ ಮರ.

ತನ್ಮಯಿ ನನ್ನ ಭುಜದ ತನಕ ಬೆಳೆದಿದ್ದಾಳೆ. ನಿಮ್ಮ ಹತ್ತಿರ ಕೂಡಲೇ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಹೋದ ವಾರ ಯಾರೋ ಕೇಳಿದ್ದಕ್ಕೆ ‘ನಮ್ಮಪ್ಪ ಫಾರಿನ್ನಲ್ಲಿದಾರೆ’ ಅಂತ ಹೇಳಿ ಒಳಗೆ ಬಂದು ಅತ್ತಳು.

ನನ್ನ ವಿಷಯ ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ಎದುರಿಗೆ ಹೇಳಲು ಆಗದೇ ಹೋಗಬಹುದು. ಒಂದು ತಿಂಗಳಿಂದ ಬೆನ್ನು ನೋವು. ಡಾಕ್ಟರು ಮುಟ್ಟಿ ನೋಡಿ, ಮೂಳೆಯ ಫೋಟೋ ತೆಗೆಸಬೇಕು, ಮನೆಯವರು ಯಾರಾದರೂ ಜೊತೆಗೆ ಬನ್ನಿ ಅಂದರು. ಅವರ ದನಿಯಲ್ಲೇ ನನಗೆ ಅರ್ಥವಾಯಿತು. ಮೆಹರುನ್ನೀಸಾ ನಾನೇ ಬರುತ್ತೇನೆ ಅಂದರು. ಬೇಡ, ನಮ್ಮ ಯಜಮಾನರು ಬರಲಿ ಅಂತ ಇಷ್ಟು ದಿನ ತಡೆದಿದ್ದೆ, ಈಗ ಬರುವ ಸೋಮವಾರಕ್ಕೆ ಹಾಕಿಸಿಕೊಳ್ಳುತ್ತೇನೆ.

ನನ್ನನ್ನು ನೋಡಿದಾಗ ಮುಖ ಬೇರೆ ಕಡೆ ತಿರುಗಿಸಬೇಡಿ. ಅಳು ಬಂದರೆ ಅತ್ತುಬಿಡಿ.

ಬಾಗಿಲು ತಟ್ಟುತ್ತಾ ನಿಲ್ಲಬೇಡಿ. ಮಲಗಿದ್ದವಳು ಎದ್ದು ಬರಲು ತುಂಬ ಹೊತ್ತು ಬೇಕು. ಹಗಲಿನಲ್ಲಿ ಚಿಲಕ ಹಾಕಿರುವುದಿಲ್ಲ, ನೀವೇ ತಳ್ಳಿಕೊಂಡು ಒಳಗೆ ಬನ್ನಿ.

ಸೀತಾ